ಮಂಚದ ಕೆಳಗಿನ 400 ಪುಸ್ತಕ

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಆಪ್ತ ಸಮಾಲೋಚಕಿಯಾದ ನನ್ನ ಹತ್ತಿರ ಬಂದ ಒಬ್ಬರನ್ನು ಇಲ್ಲಿ ಅಕ್ಕೋರು ಎಂದೇ ಕರೆಯುತ್ತೇನೆ. ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ನಮ್ಮ ಕಡೆ ಹಾಗೇ ಅನ್ನುವುದು.

ಅಕ್ಕೋರಿಗೆ 50 ದಾಟಿದೆ. ಕಲಬುರಗಿ ಹತ್ತಿರದ ಊರೊಂದರಲ್ಲಿ ಕೆಲಸ. ರಾತ್ರಿ ನಿದ್ದೆ ಬರುವುದಿಲ್ಲ ಎಂದು ನನ್ನ ಹತ್ತಿರ ಬಂದರು. ಊಟ, ಪಾಠ, ಮನೆಕೆಲಸ ಎಲ್ಲ ಸರಿಯಾಗಿಯೇ ಇತ್ತು. ಬದುಕು ಬೇಡ ಅನ್ನುವ ಮಾತಿರಲಿಲ್ಲ. ಅಂಥ ಮಾತು ಬಂದರೆ ನಾನು ಅವತ್ತೇ ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಎದೆ ಡವಡವ ಅನ್ನುವುದು ಯಾವಾಗ ಎಂದು ಕೇಳಿದೆ. "ಯಾರಾದ್ರೂ ನನ್ನ ಪುಸ್ತಕದ ಮಾತು ತೆಗೆದಾಗ್ರೀ ಮೇಡಂ" ಎಂದರು.

ಸ್ವಂತ ದುಡ್ಡಿನಲ್ಲಿ 500 ಪ್ರತಿ ಕಥಾಸಂಕಲನ ಅಚ್ಚು ಹಾಕಿಸಿದ್ದರು. 400ಕ್ಕೂ ಜಾಸ್ತಿ ಪ್ರತಿ ಮಂಚದ ಕೆಳಗೇ ಇದ್ದವು. ಒಂದು ಕಾರ್ಯಕ್ರಮದಲ್ಲಿ ಹತ್ತು ಪ್ರತಿ ಮುಂದಿಟ್ಟುಕೊಂಡು ಕೂತಿದ್ದರಂತೆ. ಯಾರೋ ಒಬ್ಬರು "ಅಕ್ಕೋರು ಅಂಗಡಿ ಇಟ್ಟಾರ ನೋಡ್ರಿ" ಎಂದರು. ಸುತ್ತ ಇದ್ದವರು ನಕ್ಕರು. ಅಂದಿನಿಂದ ಆ ಪುಸ್ತಕದ ಪೆಟ್ಟಿಗೆ ಕಂಡರೇ ಇವರಿಗೆ ಸಂಕಟ.

"ನನ್ನ ಪುಸ್ತಕ ತಗೋರಿ ಅಂತ ನಾನೇ ಹ್ಯಾಂಗ ಹೇಳ್ಲಿ? ಸಣ್ಣಾಕಿ ಇದ್ದಾಗಿಂದ 'ತನ್ನ ಬಣ್ಣಿಸಬೇಡ' ಅಂತ ಬಾಯಿಪಾಠ ಮಾಡೀವಿ."

ಬಸವಣ್ಣನವರು ಬದುಕಿದ ಕಲ್ಯಾಣ ಪಕ್ಕದ ಬೀದರ್ ಜಿಲ್ಲೆಯಲ್ಲೇ ಇದೆ. ಇಲ್ಲಿಯವರಿಗೆ ಆ ವಚನ ಬರೀ ಪಾಠವಲ್ಲ, ಮನೆಯ ಮಾತು. ಅದನ್ನು ಮರೆತುಬಿಡಿ ಎಂದು ನಾನು ಹೇಳುವ ಹಾಗಿರಲಿಲ್ಲ. ಹೇಳಲು ಮನಸ್ಸೂ ಇರಲಿಲ್ಲ.

ಮೊದಲು ಬೇರೆ ದಾರಿ ಹಿಡಿದೆ. ಅವರ ತಮ್ಮ ತೊಗರಿ ಬೆಳೆಯುತ್ತಾರೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ, ಅಂದರೆ ಈ ನೆಲದ್ದೇ ವಿಶೇಷ ಎಂಬ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. "ನಮ್ಮ ತೊಗರಿ ಚಲೋ ಅದ ಅನ್ನಲು ನಿಮ್ಮ ತಮ್ಮ ನಾಚುತ್ತಾರಾ?" ಎಂದು ಕೇಳಿದೆ. "ತೊಗರಿ ಭೂಮಿತಾಯಿದು ಮೇಡಂ. ಕಥಿ ನನ್ನದು" ಎಂದುಬಿಟ್ಟರು. ನನ್ನ ಹತ್ತಿರ ಉತ್ತರವಿರಲಿಲ್ಲ.

ಮೂರನೇ ಭೇಟಿಯಲ್ಲಿ ಮಾತು ತಾನಾಗಿಯೇ ತಿರುಗಿತು. 2020ರ ಫೆಬ್ರವರಿಯಲ್ಲಿ ಕಲಬುರಗಿಯಲ್ಲಿ ನಡೆದ 85ನೇ ಸಾಹಿತ್ಯ ಸಮ್ಮೇಳನದ ನೆನಪು ತೆಗೆದರು. ಚೀಲ ತುಂಬ ಪುಸ್ತಕ ಕೊಂಡಿದ್ದರಂತೆ. ಅಲ್ಲಿಂದ ತಮ್ಮ ಗೆಳತಿಯೊಬ್ಬರ ಕವನಗಳಿಗೆ ಬಂದರು. 20 ನಿಮಿಷ ಬಿಡದೆ ಮಾತಾಡಿದರು. ಸೆರಗು ಹಿಂಡುತ್ತಿದ್ದ ಕೈ ಬಿಚ್ಚಿತ್ತು, ದನಿ ಏರಿತ್ತು. ನಾನೂ ಆ ಕವನ ಓದಬೇಕು ಅನ್ನಿಸಿತು.

"ಈ 20 ನಿಮಿಷ ಎದೆ ಡವಡವ ಅಂತಾ?" ಎಂದೆ. ಇಲ್ಲ ಎಂದರು. ಆ ಗೆಳತಿಯ ಪುಸ್ತಕಗಳು ಎಲ್ಲಿವೆ ಎಂದು ಕೇಳಿದೆ. ಅವೂ ಮನೆಯಲ್ಲೇ, ಅಟ್ಟದ ಮೇಲೆ!

ಆಗ ನಾನು ಹೇಳಿದ್ದು ಇಷ್ಟು. ವಚನ ತನ್ನನ್ನು ಬಣ್ಣಿಸಬೇಡ ಅನ್ನುತ್ತದೆ. ಗೆಳತಿಯನ್ನು ಬಣ್ಣಿಸಬೇಡ ಅನ್ನುವುದಿಲ್ಲ ಅಲ್ವಾ? ನೀವು ಅವರ ಪುಸ್ತಕ ಹೊತ್ತುಕೊಂಡು ಹೋಗಿ. ಅವರು ನಿಮ್ಮದನ್ನು ಹೊರಲಿ. ಒಪ್ಪಿದರೆ ಇನ್ನೊಬ್ಬರನ್ನು ಸೇರಿಸಿಕೊಳ್ಳಿ. ಇಬ್ಬರೇ ಇದ್ದರೆ ಕೊಟ್ಟು ತಗೊಂಡ ಹಾಗೆ ಕಾಣುತ್ತದೆ.

ಅವರ ಅನುಮಾನವೂ ಅದೇ ಆಗಿತ್ತು. "ನೀ ನನ್ನ ಹೊಗಳು, ನಾ ನಿನ್ನ ಹೊಗಳ್ತೀನಿ ಅಂದಂಗ ಆಗಂಗಿಲ್ಲೇನ್ರೀ?" ಇದು ಸಣ್ಣ ಪ್ರಶ್ನೆಯಲ್ಲ. ಹೊಗಳಿಕೆಯನ್ನು ಹೊನ್ನಶೂಲ ಎಂದವರೂ ಬಸವಣ್ಣನವರೇ. ಹಾಗಾಗಿ ಈ ಮಾತಿಗೆ ಒಂದು ಇಡೀ ಭೇಟಿ ಕೊಟ್ಟೆವು. ಪೂರ್ತಿ ಓದದ ಪುಸ್ತಕದ ಬಗ್ಗೆ ಬಾಯಿ ಬಿಡಬಾರದು. "ಅದ್ಭುತ" ಅನ್ನುವ ಬದಲು ಒಂದು ಪಾತ್ರ, ಒಂದು ಸಾಲು ತೋರಿಸಬೇಕು. ಹಿಡಿಸದ್ದನ್ನು ಬರೆದವರ ಮುಂದೆ ಮಾತ್ರ, ಆದರೆ ತಪ್ಪದೆ ಹೇಳಬೇಕು. ಮದುವೆಯ ಮುಯ್ಯಿ ಬರೆದಿಡುವ ಹಾಗೆ ಯಾರು ಎಷ್ಟು ಸಲ ಹೇಳಿದರು ಎಂದು ಲೆಕ್ಕ ಇಡಬಾರದು.

ಮುಯ್ಯಿ ಅಂದ ಕೂಡಲೇ ಅವರಿಗೆ ಮುಯ್ಯಾಳು ನೆನಪಾಯಿತು. ಸಣ್ಣವರಿದ್ದಾಗ ಅವ್ವನ ಜೊತೆ ನೆರೆಯವರ ಹೊಲಕ್ಕೆ ಕಸ ತೆಗೆಯಲು ಹೋಗುತ್ತಿದ್ದರು. ಇನ್ನೊಂದು ದಿನ ಆ ಮನೆಯವರು ಇವರ ಹೊಲಕ್ಕೆ. "ಮಂದಿ ಹೊಲ ಅಂತ ಅವ್ವ ಕಸ ಬಿಟ್ಟು ಬರ್ತಿರಲಿಲ್ರೀ" ಎಂದರು. ನನ್ನ ಎಲ್ಲ ಸಲಹೆಗಿಂತ ಆ ಒಂದು ನೆನಪು ಅವರಿಗೆ ಧೈರ್ಯ ಕೊಟ್ಟಿತು ಎಂದು ನಾನು ನಂಬಿದ್ದೇನೆ.

ಈಗ ಮೂವರು ಗೆಳತಿಯರು ಭಾನುವಾರ ಬಿಸಿಲೇರುವ ಮುಂಚೆ ಕಲಬುರಗಿಯ ಅಪ್ಪನ ಕೆರೆ ಹತ್ತಿರ ಸೇರುತ್ತಾರೆ. ಎರಡು ಸಲ ಜಗಳವೂ ಆಗಿದೆ, ಒಂದು ಕಥೆಯ ಕೊನೆಯ ಬಗ್ಗೆ. ನಿದ್ದೆ ಮೊದಲಿಗಿಂತ ಸುಧಾರಿಸಿದೆ. ಪುಸ್ತಕದ ಬೆಲೆಯನ್ನು ವಾಟ್ಸಾಪ್‌ನಲ್ಲಿ ಹಾಕಲು ಅಕ್ಕೋರಿಗೆ ಈಗಲೂ ಆಗುವುದಿಲ್ಲ. ಅದನ್ನು ಗೆಳತಿಯೇ ಹಾಕುತ್ತಾರೆ. ಹಾಕಲಿ ಬಿಡಿ. ನಾನು ಒತ್ತಾಯ ಮಾಡಿಲ್ಲ.

ಹೋದ ತಿಂಗಳು ಒಂದು ಕಾಲೇಜಿನಲ್ಲಿ ಆ ಗೆಳತಿ ಅಕ್ಕೋರ ಕಥೆಯೊಂದರ ಬಗ್ಗೆ ಮಾತಾಡಿದರು. ಅಕ್ಕೋರು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರಂತೆ. ಒಬ್ಬ ಹುಡುಗಿ ಹುಡುಕಿಕೊಂಡು ಬಂದು, "ಕಥಿಯಾಗಿನ ಆಯಿ ನಿಮ್ಮ ಸ್ವಂತ ಆಯಿ ಏನ್ರೀ?" ಎಂದು ಕೇಳಿದಳು. ಅಕ್ಕೋರು ಆಯಿಯ, ಅಂದರೆ ಅಜ್ಜಿಯ ಮಾತು ಶುರು ಮಾಡಿದರು. ಊರಿಗೆ ಹೋಗುವ ಬಸ್ಸು ತಪ್ಪಿದ್ದು ಅವರಿಗೆ ಆಮೇಲೆ ಗೊತ್ತಾಯಿತು.