ನೈಸರ್ಗಿಕ ಅನಿಲವನ್ನು ‘ಸೇತುವೆ ಇಂಧನ’ ಎನ್ನುವುದೇಕೆ?

ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್ ಸೂರ್ಯ ಮುಳುಗಿದೊಡನೆ ಕೈಚೆಲ್ಲುತ್ತದೆ. ಮನೆಮನೆಯಲ್ಲಿ ದೀಪ, ಟಿ.ವಿ., ಮಿಕ್ಸಿ ಶುರುವಾಗುವುದೂ ಆಗಲೇ. ತಣ್ಣಗಿರುವ ಕಲ್ಲಿದ್ದಲಿನ ಬಾಯ್ಲರ್ ಕಾದು ಹದಕ್ಕೆ ಬರಲು ಗಂಟೆಗಟ್ಟಲೆ ಬೇಕು. ನೈಸರ್ಗಿಕ ಅನಿಲ ಉರಿಸುವ ಗ್ಯಾಸ್ ಟರ್ಬೈನ್ ನಿಮಿಷಗಳಲ್ಲಿ ಓಟ ಹಿಡಿಯುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಅದು ಉಗುಳುವ ಇಂಗಾಲದ ಡೈಆಕ್ಸೈಡ್ ಕೂಡ ಕಲ್ಲಿದ್ದಲಿನದರ ಸುಮಾರು ಅರ್ಧ. ಕಲ್ಲಿದ್ದಲಿನ ಹಳೆಯ ದಡದಿಂದ ಸೌರ ವಿದ್ಯುತ್ತಿನಂಥ ಹೊಸ ದಡಕ್ಕೆ ದಾಟಿಸುತ್ತದೆ ಎಂಬ ಅರ್ಥದಲ್ಲಿ ಈ ಹೆಸರು. ಯಲಹಂಕದಲ್ಲೇ 370 ಮೆಗಾವಾಟ್‌ನ ಅನಿಲ ಸ್ಥಾವರವಿದೆ.

ನನಗಂತೂ ಈ ಸೇತುವೆಯ ಮೇಲೆ ಅರೆನಂಬಿಕೆ. ದೇಶ ಬಳಸುವ ಅನಿಲದಲ್ಲಿ ಹೆಚ್ಚುಕಡಿಮೆ ಅರ್ಧ ದ್ರವರೂಪದಲ್ಲಿ ಹಡಗೇರಿ ಬರುತ್ತದೆ; 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಅದರ ದರ ಗಗನಕ್ಕೇರಿತ್ತು. ನೈಸರ್ಗಿಕ ಅನಿಲದ ಬಹುಪಾಲು ಮೀಥೇನ್; ಬಾವಿ, ಕೊಳವೆಗಳಿಂದ ಅದು ಸೋರುವುದು ಬೇರೆ: 20 ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ.