ಗುಟ್ಟು ಬಲ್ಲ ಇನ್ನೊಬ್ಬ ತಾಯಿ

ಪ್ರಶ್ನೆ: ನಾನು ಸೋಮವಾರಪೇಟೆ ತಾಲ್ಲೂಕಿನವಳು, ಐದು ತಿಂಗಳ ಗರ್ಭಿಣಿ. ತಪಾಸಣೆಯಲ್ಲಿ ಎಚ್‌ಐವಿ ಇರುವುದು ತಿಳಿದು ಮಾತ್ರೆ ಆರಂಭವಾಗಿದೆ. ಪತಿಗೆ ವಿಷಯ ಗೊತ್ತು, ಅತ್ತೆ-ಮಾವನಿಗೆ ಗೊತ್ತಿಲ್ಲ. ಇದೇ ಸೋಂಕಿದ್ದು ಮಗು ಹೆತ್ತಿರುವ ಮಹಿಳೆಯೊಬ್ಬರನ್ನು ಭೇಟಿಯಾಗಲು ಆಪ್ತಸಮಾಲೋಚಕರು ಹೇಳುತ್ತಿದ್ದಾರೆ. ಎಲ್ಲರಿಗೂ ಎಲ್ಲರ ಪರಿಚಯವಿರುವ ಊರಿನಲ್ಲಿ ಗುಟ್ಟು ಹೊರಬೀಳುವುದಿಲ್ಲವೇ? ಡಾಕ್ಟರ್ ಇರುವಾಗ ಆಕೆಯಿಂದೇನು ಪ್ರಯೋಜನ?
– ಹೆಸರು ಬೇಡ, ಕೊಡಗು

ಉತ್ತರ: ಭೇಟಿಯಾಗಿ ಎಂದೇ ನಾನು ಹೇಳುತ್ತೇನೆ, ಆದರೆ ಎಲ್ಲಿ, ಯಾವಾಗ, ಹೆಸರು ತಿಳಿಸಿಯೋ ತಿಳಿಸದೆಯೋ ಎಂಬುದನ್ನು ನೀವೇ ತೀರ್ಮಾನಿಸಿ. ಆಕೆ ನಿಮ್ಮ ತಾಲ್ಲೂಕಿನವರೇ ಆಗಬೇಕೆಂದಿಲ್ಲ. ವಿರಾಜಪೇಟೆ ಕಡೆಯವರನ್ನೋ ನೆರೆಜಿಲ್ಲೆಯವರನ್ನೋ ಕೇಳಬಹುದು, ಮೊದಲ ಮಾತುಕತೆ ಆಪ್ತಸಮಾಲೋಚಕರ ಕೋಣೆಯಲ್ಲೇ ಆಗಲಿ ಎನ್ನಬಹುದು. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ, ಕಾನೂನೇ ಹೇಳಿರುವ ಕೆಲವು ಸಂದರ್ಭಗಳನ್ನು ಬಿಟ್ಟರೆ, ನಿಮ್ಮ ಸೋಂಕಿನ ವಿಷಯವನ್ನು ಒಪ್ಪಿಗೆಯಿಲ್ಲದೆ ಆಸ್ಪತ್ರೆಯವರು ಹೊರಗೆ ಹೇಳುವಂತಿಲ್ಲ. ಆಕೆಯ ಗುಟ್ಟೂ ನಿಮ್ಮ ಕೈಯಲ್ಲಿರುತ್ತದೆ ಎಂಬುದನ್ನು ಮರೆಯಬೇಡಿ. ಅದು ಬಯಲಾದರೆ ಏನಾಗುತ್ತದೆಂದು ಆಕೆಗೆ ಯಾರೂ ವಿವರಿಸಬೇಕಿಲ್ಲ.

ಚಿಕಿತ್ಸೆಯೇ ಇಲ್ಲದಿದ್ದರೆ ಸೋಂಕು ಮಗುವಿಗೆ ದಾಟುವ ಸಂಭವ ಶೇ. 15ರಿಂದ 45ರಷ್ಟಿರುತ್ತದೆ, ಬಸಿರು, ಹೆರಿಗೆ, ಹಾಲೂಡಿಕೆಯ ಉದ್ದಕ್ಕೂ ಸರಿಯಾದ ಚಿಕಿತ್ಸೆ ನಡೆದರೆ ಶೇ. 5ಕ್ಕಿಂತ ಕೆಳಗಿಳಿಯುತ್ತದೆ. ಇದನ್ನು ವೈದ್ಯರು ಹೇಳುತ್ತಾರೆ, ಆದರೆ ಆ ಮಾತ್ರೆಯನ್ನು ನೀವು ನುಂಗಬೇಕಾದದ್ದು ಅತ್ತೆಯ ಕಣ್ಣೆದುರಿನ ಅಡುಗೆಮನೆಯಲ್ಲಿ. ಡೊಲುಟೆಗ್ರಾವಿರ್ ಎಂಬ ಎಚ್‌ಐವಿ ಔಷಧವಿರುವ ಮಾತ್ರೆಯನ್ನು ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ತೆಗೆದುಕೊಳ್ಳಬೇಕು, ಒಟ್ಟಿಗೆ ನುಂಗಿದರೆ ಅದು ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಬಸುರಿಗೆ ಈ ಮೂರೂ ಇರುವುದರಿಂದ ಯಾವುದನ್ನು ಯಾವ ಹೊತ್ತಿಗೆ ಹೊಂದಿಸಿದರೆ ಮನೆಯಲ್ಲಿ ಪ್ರಶ್ನೆ ಏಳುವುದಿಲ್ಲವೆಂದು ಆಕೆ ಬಲ್ಲರು. ಕಕ್ಕಡದ, ಅಂದರೆ ಆಟಿ ತಿಂಗಳ, ಮಳೆಗೆ ರಸ್ತೆ ಕುಸಿದು ಬಸ್ಸು ನಿಲ್ಲುವ ಮೊದಲೇ ಹೆಚ್ಚಿನ ಮಾತ್ರೆ ಕೇಳಿ ತಂದಿಟ್ಟುಕೊಳ್ಳಬೇಕೆಂಬುದು ಇಲ್ಲಿ ಬದುಕಿದವರಿಗೆ ಹೊಳೆಯುವ ವಿಚಾರ.

ಬಾಣಂತನದಲ್ಲಂತೂ ಇಂಥ ಒಬ್ಬರ ಜೊತೆ ಇನ್ನೂ ಬೇಕು. ಹಾಲೂಡಿಸುವುದಾದರೆ ಮೊದಲ ಆರು ತಿಂಗಳು ಎದೆಹಾಲು ಮಾತ್ರ, ನೀರೂ ಬೇಡ. ಡಬ್ಬಿ ಹಾಲನ್ನು ಬೆರೆಸಿ ಕೊಟ್ಟರೆ ಅಪಾಯ ಹೆಚ್ಚು. ಹಿರಿಯರು ಬಜೆ ತೇಯ್ದು, ಜೇನು ಹಚ್ಚಿ ಕೂಸಿನ ನಾಲಿಗೆಗೆ ಸವರಲು ಬಂದಾಗ ಮನಸ್ಸು ನೋಯಿಸದೆ ತಡೆದ ಮಾತು ಆಕೆಯ ಬಳಿ ಸಿದ್ಧವಿರುತ್ತದೆ. ಮಗುವಿಗೆ ಕನಿಷ್ಠ ಆರು ವಾರ ಔಷಧದ ಸಿರಪ್ ಕೊಡಬೇಕು. ಆರನೇ ವಾರದಲ್ಲಿ ಹಿಮ್ಮಡಿಯಿಂದ ರಕ್ತದ ಹನಿ ತೆಗೆದು ಮೊದಲ ಪರೀಕ್ಷೆ ಮಾಡುತ್ತಾರೆ, ಮುಂದೆಯೂ ಪರೀಕ್ಷೆಗಳಿದ್ದು ಖಚಿತ ಫಲಿತಾಂಶಕ್ಕೆ 18 ತಿಂಗಳು ಕಾಯಬೇಕು. ಆ ಕಾಯುವಿಕೆಯನ್ನು ದಾಟಿ ಬಂದವರ ಪಕ್ಕ ಕುಳಿತು ಅಳುವುದಕ್ಕೂ ಬೆಲೆಯಿದೆ ಎಂದು ನಾನು ನಂಬುತ್ತೇನೆ. ಕೇಪ್‌ಟೌನಿನಲ್ಲಿ 2001ರಲ್ಲಿ ಆರಂಭವಾದ ಮದರ್ಸ್ ಟು ಮದರ್ಸ್ ಸಂಸ್ಥೆ ಇಂಥ ತಾಯಂದಿರಿಗೇ ತರಬೇತಿ, ಸಂಬಳ ಕೊಟ್ಟು ಆರೋಗ್ಯ ಕೇಂದ್ರಗಳಲ್ಲಿ ನೇಮಿಸಿತು.

ಆದರೆ ಆಕೆ ವೈದ್ಯರಲ್ಲ. ಮಾತ್ರೆ ಬದಲಿಸುವ, ನಿಲ್ಲಿಸುವ, ನಾಟಿ ಮದ್ದು ಹಿಡಿಯುವ ಸಲಹೆ ಯಾರಿಂದ ಬಂದರೂ ಕೇಳಬೇಡಿ. ಬಸಿರಿನ 32ರಿಂದ 36ನೇ ವಾರದೊಳಗೆ, ರಕ್ತದಲ್ಲಿ ವೈರಸ್ ಎಷ್ಟಿದೆಯೆಂದು ತಿಳಿಸುವ ವೈರಲ್ ಲೋಡ್ ಪರೀಕ್ಷೆ ಆಗಲೇಬೇಕು. ಪತಿಯ ಪರೀಕ್ಷೆ ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ. ಮೊದಲ ಭೇಟಿಯಲ್ಲಿ ಮನಸ್ಸು ಒಗ್ಗದಿದ್ದರೆ ಬೇರೊಬ್ಬರನ್ನು ಕೇಳಲು ಸಂಕೋಚ ಬೇಡ, ಅಲ್ಲಿಯವರೆಗೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಿ ಮಾತನಾಡಬಹುದು.