ಕೀಮೋ ಮರೆವಿಗೆ ಕ್ಯಾಪ್ಸೂಲ್ ತರಿಸಿದವರಿಗೆ

ಓದುಗರ ಪ್ರಶ್ನೆಗಳಿಗೆ ದಾವಣಗೆರೆಯ ಕ್ಯಾನ್ಸರ್ ತಜ್ಞರ ಉತ್ತರ

ಪ್ರಶ್ನೆ: ಅವ್ವನಿಗೆ 52 ವರ್ಷ, ಸ್ತನ ಕ್ಯಾನ್ಸರ್. ಕೀಮೋದ ಕೆಂಪು ಡ್ರಿಪ್ ನಾಲ್ಕು ಮುಗಿದು ಈಗ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ನಡೆಯುತ್ತಿದೆ. ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಾಳೆ, ಹೇಳಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ. ಕೀಮೋದಿಂದ ಮೆದುಳನ್ನು ಕಾಪಾಡುತ್ತದೆಂದು ಎನ್‌ಎಂಎನ್ ಎಂಬ ಪೌಷ್ಟಿಕಾಂಶದ ಕ್ಯಾಪ್ಸೂಲ್ ಆನ್‌ಲೈನಿನಲ್ಲಿ ತರಿಸಿದ್ದೇನೆ. ಕೊಡಲೇ? – ಹರಿಹರದ ಓದುಗರು

ಕೊಡಬೇಡಿ. ಪ್ರತಿ ಸಲವೂ ಇದೇ ಪ್ರಶ್ನೆ, ಬಾಟಲಿಯ ಹೆಸರು ಮಾತ್ರ ಬೇರೆ.

ನಿಮ್ಮ ತಾಯಿಯ ಮರೆವು ನಿಜ. ‘ವಯಸ್ಸಾಯ್ತು ಬಿಡಿ’ ಎನ್ನುವ ನೆಂಟರ ಮಾತಿಗೆ ಕಿವಿಗೊಡಬೇಡಿ. ಹೆಚ್ಚಿನವರಿಗೆ ಚಿಕಿತ್ಸೆ ಮುಗಿದ ಮೇಲೆ ತಿಂಗಳುಗಳಲ್ಲಿ ಇದು ತಿಳಿಯಾಗುತ್ತಾ ಬರುತ್ತದೆ.

ಎನ್‌ಎಂಎನ್ ಸುದ್ದಿಯಾದದ್ದು 2021ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನವರು ಇಲಿಗಳ ಮೇಲೆ ಮಾಡಿದ ಪ್ರಯೋಗದಿಂದ. ಕೊಟ್ಟ ಕೀಮೋ ಸಿಸ್‌ಪ್ಲಾಟಿನ್. ಇಲಿಗಳ ನೆನಪಿನ ಶಕ್ತಿ ಉಳಿಯಿತು, ಗಡ್ಡೆಯ ಮೇಲೆ ಕೀಮೋದ ಕೆಲಸವೂ ಕೆಡಲಿಲ್ಲ. ಒಳ್ಳೆಯ ಸಂಶೋಧನೆಯೇ. ಆದರೆ ನಿಮ್ಮ ತಾಯಿಗೆ ನಡೆಯುತ್ತಿರುವುದು ಸಿಸ್‌ಪ್ಲಾಟಿನ್ ಅಲ್ಲ. ಎನ್‌ಎಂಎನ್ ದೇಹದಲ್ಲಿ ಎನ್‌ಎಡಿ ಎಂಬ ವಸ್ತುವಾಗುತ್ತದೆ. ಜೀವಕೋಶ ಶಕ್ತಿ ತಯಾರಿಸಲು, ಹಾಳಾದ ಡಿಎನ್‌ಎ ರಿಪೇರಿ ಮಾಡಿಕೊಳ್ಳಲು ಅದು ಬೇಕು. ಗಡ್ಡೆಯ ಕೋಶಕ್ಕೂ ಬೇಕು. ಎನ್‌ಎಡಿ ತಯಾರಿಕೆಯನ್ನೇ ತಡೆದು ಕ್ಯಾನ್ಸರ್ ಕೊಲ್ಲಲು ನೋಡುವ ಔಷಧಿಗಳ ಪ್ರಯೋಗವೂ ನಡೆದಿದೆ. ಬಾಟಲಿ ಮಾರುವವರು ಇದನ್ನು ಹೇಳುವುದಿಲ್ಲ.

‘ಪೌಷ್ಟಿಕಾಂಶ ತಾನೇ, ನಷ್ಟವೇನು?’ ಅಸಿಟೈಲ್ ಎಲ್-ಕಾರ್ನಿಟಿನ್ ಎಂಬ ಇನ್ನೊಂದು ಪೌಷ್ಟಿಕಾಂಶಕ್ಕೂ ಹೀಗೇ ಅಂದಿದ್ದರು. ಕೀಮೋದಿಂದ ಕೈಕಾಲು ಜೋಮು ಹಿಡಿಯುವುದನ್ನು ತಡೆಯುತ್ತದೆಂಬ ನಂಬಿಕೆಯಿಂದ, ನಿಮ್ಮ ತಾಯಿಯಂತೆ ಟ್ಯಾಕ್ಸೇನ್ ಗುಂಪಿನ ಕೀಮೋ ಪಡೆಯುತ್ತಿದ್ದ 409 ಮಹಿಳೆಯರನ್ನು ಪರೀಕ್ಷೆಗೆ ಸೇರಿಸಿಕೊಂಡರು. ಒಂದು ಗುಂಪಿಗೆ ದಿನಕ್ಕೆ 3 ಗ್ರಾಂ, ಇನ್ನೊಂದಕ್ಕೆ ಔಷಧಿಯಿಲ್ಲದ ಸುಳ್ಳು ಮಾತ್ರೆ, 24 ವಾರ. 2013ರಲ್ಲಿ ಫಲಿತಾಂಶ ಬಂತು: ಕಾರ್ನಿಟಿನ್ ನುಂಗಿದವರಿಗೇ ಜೋಮು ಹೆಚ್ಚು.

ಒಪಿಡಿಗೆ ಬರುವವರು ಫೈಲು ಮೇಜಿನ ಮೇಲಿಡುತ್ತಾರೆ. ಬಾಟಲಿ ಚೀಲದ ತಳದಲ್ಲೇ ಇರುತ್ತದೆ. ಲಿವರ್ ರಿಪೋರ್ಟ್ ಕೆಟ್ಟ ಮೇಲೆ ಹೊರಬರುತ್ತದೆ. ಮೊದಲೇ ತೋರಿಸಿ.

ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ನೋಡಿಸಿ. ಕೊರತೆ ಕಂಡರೆ ತುಂಬುವುದು ಡಾಕ್ಟರ ಕೆಲಸ. ರಾತ್ರಿ ನಿದ್ದೆ ಹೇಗಿದೆ? ಕೀಮೋ ಜೊತೆ ಕೊಡುವ ಡೆಕ್ಸಾಮೆಥಾಸೋನ್ ನಿದ್ದೆ ಕೆಡಿಸುತ್ತದೆ, ನಿದ್ದೆಗೆಟ್ಟವರಿಗೆ ಮರೆವು ಹೆಚ್ಚು. ಸುಸ್ತು ಕಡಿಮೆಯಿದ್ದ ದಿನ ನಡೆದಾಡಿಸಿ. ಉಪ್ಪು ಹಾಕಿದ ಕೂಡಲೇ ಡಬ್ಬಿ ಕಪಾಟು ಸೇರಲಿ. ಡಬ್ಬಿ ಒಳಗಿದ್ದರೆ ಉಪ್ಪು ಬಿದ್ದಿದೆ ಎಂದರ್ಥ. ಮಾತು ತೊದಲಿದರೆ, ಜ್ವರದ ಜೊತೆ ಗೊಂದಲ ಶುರುವಾದರೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಬನ್ನಿ.

ಸ್ತನ ಕ್ಯಾನ್ಸರಿನ ಟ್ಯಾಮೊಕ್ಸಿಫೆನ್ ಮಾತ್ರೆ ಜೊತೆ ಅರಿಶಿನ? – ಚಿತ್ರದುರ್ಗ

ಸಾರಿಗೆ ಹಾಕುವಷ್ಟು ಸರಿ. ಕರಿಮೆಣಸಿನ ಸತ್ವ ಸೇರಿಸಿದ ಕರ್ಕ್ಯುಮಿನ್ (ಅರಿಶಿನದ ಸತ್ವ) ಮಾತ್ರೆ ರಕ್ತದಲ್ಲಿ ಟ್ಯಾಮೊಕ್ಸಿಫೆನ್ ಮಟ್ಟ ಇಳಿಸುತ್ತದೆ, ಬೇಡ.

ಲಕ್ಷ್ಮಣಫಲದ ಎಲೆ ಕಷಾಯ? – ಜಗಳೂರು

ಅದರಲ್ಲಿರುವ ಅನೊನಾಸಿನ್ ನರಕೋಶಕ್ಕೇ ವಿಷ.

ಪಂಡಿತರೊಬ್ಬರು ಕೀಮೋ ನಿಲ್ಲಿಸಿ ಪುಡಿ ತಿನ್ನಿ ಎಂದಿದ್ದಾರೆ. – ಚನ್ನಗಿರಿ

ಪುಡಿಯಲ್ಲಿ ಏನೇನಿದೆ ಎಂದು ಸಹಿ ಹಾಕಿ ಬರೆದುಕೊಡಲು ಹೇಳಿ. ಕೊಡುವುದಿಲ್ಲ. ಮುಂದಿನ ಸಲದ ಕೀಮೋ ತಪ್ಪಿಸಬೇಡಿ.